ಬ್ಯಾಕ್ ನೆಕ್ ಎಷ್ಟು ಇಂಚು? ಕೇಳಬೇಕಾದದ್ದು ಯಾರನ್ನು?

ಬ್ಲೌಸ್ ಪೀಸ್ ಹಿಡಿದು ಹೊಲಿಗೆ ಅಂಗಡಿಗೆ ಬರುವವರು ಸಾಮಾನ್ಯವಾಗಿ ಇಬ್ಬರು. ಒಬ್ಬಳು ತೊಡುವವಳು, ಇನ್ನೊಬ್ಬರು ಅವಳ ಪರವಾಗಿ ಮಾತಾಡುವವರು. ಟೇಪು ಬೆನ್ನ ಮೇಲೆ ಇಳಿಯುವ ಹೊತ್ತಿಗೆ ಹಿಂದಿನಿಂದ ಮಾತು ಬರುತ್ತದೆ: "ಅಕ್ಕಾ, ಬ್ಯಾಕ್ ನೆಕ್ ಆರಕ್ಕಿಂತ ಜಾಸ್ತಿ ಬೇಡ, ನೋಡಿದೋರು ಏನಂದ್ಕೊಳ್ತಾರೆ." ಹುಡುಗಿ ಕನ್ನಡಿ ನೋಡುತ್ತಾ ಸುಮ್ಮನಿರುತ್ತಾಳೆ. ಅಳತೆ ಪುಸ್ತಕದಲ್ಲಿ ಬೆನ್ನ ಕಡೆಯ ಕೊರಳಿನ ಆಳ 6 ಇಂಚು ಅಂತ ಬೀಳುತ್ತದೆ. ವಾರದ ಮೇಲೆ ಅದೇ ಬ್ಲೌಸ್ ವಾಪಸ್ ಬರುತ್ತದೆ. ಭುಜ ಜಾರುತ್ತಿದೆ, ಬಗ್ಗಿದರೆ ನೆಕ್ ಬಾಯಿ ಬಿಡುತ್ತದೆ, ಕೈ ಎತ್ತಿದರೆ ಹೊಟ್ಟೆ ಕಾಣುತ್ತದೆ.

ಜನ "ಅವಳ ಬಟ್ಟೆ ಸರಿಯಿಲ್ಲ" ಅನ್ನುವ ಕಡೆ ಎಷ್ಟೋ ಸಲ ಸರಿಯಿಲ್ಲದ್ದು ಕಟಿಂಗ್. ಬಟ್ಟೆ ಎಷ್ಟು ಮುಚ್ಚಿದೆ ಎನ್ನುವುದು ಒಂದು, ಅದು ಮೈಮೇಲೆ ನಿಂತ ಜಾಗದಲ್ಲೇ ನಿಲ್ಲುತ್ತದೆಯೇ ಎನ್ನುವುದು ಇನ್ನೊಂದು. ನಿಲ್ಲದ ಬ್ಲೌಸ್ ತೊಟ್ಟವಳು ದಿನವಿಡೀ ಭುಜ ಎಳೆದುಕೊಳ್ಳುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ. ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ, ಬೈಗುಳ ಅವಳಿಗೆ ಬೀಳುತ್ತದೆ. ಕತ್ತರಿ ಹಿಡಿದವರನ್ನು ಯಾರೂ ಕೇಳುವುದಿಲ್ಲ.

ಮೊದಲು ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ಸುತ್ತು. "ಕಂಕುಳಲ್ಲಿ ಲೂಸ್ ಇರಲಿ, ಮೈಗೆ ಅಂಟೋದು ಬೇಡ" ಎಂದು ಮನೆಯವರು ಹೇಳುತ್ತಾರೆ. ಟೇಲರ್ ಆರ್ಮ್‌ಹೋಲ್ ಇಳಿಸಿಬಿಡುತ್ತಾರೆ. ಇಲ್ಲೇ ಕೆಡುವುದು. 36 ಇಂಚಿನ ಎದೆ ಸುತ್ತಿಗೆ ಆರ್ಮ್‌ಹೋಲ್ ಆಳ 6ರಿಂದ 6.5 ಇಂಚು ಸಾಕು. ಅದನ್ನು 7.5ಕ್ಕೆ ಇಳಿಸಿದರೆ ತೋಳು ಕಂಕುಳಿನ ಕೆಳಗೆ, ಪಕ್ಕದ ಹೊಲಿಗೆಗೆ ಕಟ್ಟಿಹಾಕಿದಂತಾಗುತ್ತದೆ. ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದ ಕೂಡಲೇ ತೋಳು ಇಡೀ ಬ್ಲೌಸನ್ನು ಮೇಲಕ್ಕೆಳೆಯುತ್ತದೆ. ಮುಚ್ಚಲೆಂದು ಲೂಸ್ ಮಾಡಿದ್ದೇ ಸೊಂಟ ಬಿಚ್ಚುತ್ತದೆ. ಆರ್ಮ್‌ಹೋಲಿನ ತಳ ಕಂಕುಳಿನಿಂದ ಒಂದು ಬೆರಳಷ್ಟೇ ಕೆಳಗಿರಬೇಕು. ಲೂಸ್ ಬೇಕೆಂದರೆ ತೋಳಿನ ಸುತ್ತಿಗೆ ಒಂದು ಇಂಚು ಕೊಡಿ, ತೋಳಿನ ಕ್ಯಾಪ್ (ಭುಜಕ್ಕೆ ಕೂಡುವ ಮೇಲಿನ ಬಾಗು) ಎತ್ತರವನ್ನು ಅರ್ಧ ಇಂಚು ತಗ್ಗಿಸಿ. ಆಗ ಕೈ ಮೇಲೆ ಹೋದರೂ ಬ್ಲೌಸ್ ಇದ್ದಲ್ಲೇ ಇರುತ್ತದೆ.

ಇನ್ನು ನೆಕ್. ಭುಜ ಜಾರುವುದಕ್ಕೆ ಆಳಕ್ಕಿಂತ ಅಗಲ ಹೆಚ್ಚು ಕಾರಣ. ಬೆನ್ನಿನ ಮಧ್ಯದಿಂದ ನೆಕ್ ಅಗಲ 4 ಇಂಚು ದಾಟಿತೆಂದರೆ ಶೋಲ್ಡರ್ ಪಟ್ಟಿ ಭುಜದ ಇಳಿಜಾರಿನ ಮೇಲೆ ಬಂದು ಕೂರುತ್ತದೆ. ಆಮೇಲೆ ಆಳ 6 ಇದ್ದರೂ ಅದು ಜಾರುವುದೇ. ಅದೇ 9 ಇಂಚಿನ ಬ್ಯಾಕ್ ನೆಕ್‌ಗೆ ಅಗಲ 3ರ ಒಳಗಿಟ್ಟು, ಪ್ರತಿ ಬದಿಯ ಶೋಲ್ಡರಿನಲ್ಲಿ ಅರ್ಧ ಇಂಚು ಕಡಿಮೆ ಮಾಡಿ, ಭುಜದ ಹೊಲಿಗೆಯಿಂದ ಎರಡು ಇಂಚು ಕೆಳಗೆ ದಾರದ ನಾಟ್ ಕೊಟ್ಟರೆ ಸಂಜೆವರೆಗೂ ಅಲುಗುವುದಿಲ್ಲ. ನೆಕ್ ಅಂಚಿಗೆ ಅಡ್ಡ ಕತ್ತರಿಸಿದ ಪಟ್ಟಿ ಹಾಕುವಾಗ ಅದನ್ನು ಎಳೆದು ಹೊಲಿಯಬೇಡಿ ಎಂದು ಕಲಿಯುವವರಿಗೆ ಹೇಳುತ್ತೇವೆ. ಆದರೆ ಡೀಪ್ ನೆಕ್‌ಗೆ ಮಾತ್ರ ಪಟ್ಟಿ ಕಾಲು ಇಂಚು ಗಿಡ್ಡವಿರಲಿ. ಬಳಸಿದಂತೆ ನೆಕ್ ಬಟ್ಟೆ ಹಿಗ್ಗುವುದನ್ನು ಅದು ತಡೆದು ಹಿಡಿಯುತ್ತದೆ.

ಮುಂಭಾಗದ ನೆಕ್ ಬಾಯಿ ಬಿಡುವುದು ಹೆಚ್ಚಾಗಿ ಟಕ್ಸ್, ಅಂದರೆ ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ ಹೊಲಿಗೆ, ತಪ್ಪಿದ್ದರಿಂದ. ಭುಜದಿಂದ ಎದೆಯ ತುದಿಗೆ, ತುದಿಯಿಂದ ತುದಿಗೆ, ಈ ಎರಡು ಅಳತೆಯನ್ನು ಅನೇಕರು ತೆಗೆದುಕೊಳ್ಳುವುದೇ ಇಲ್ಲ. ಸಂಕೋಚ ಅಡ್ಡ ಬರುತ್ತದೆ. ಹಳೇ ಅಳತೆ ಬ್ಲೌಸ್ ಮೇಲೆ ಭಾರ ಹಾಕುತ್ತಾರೆ. ಒಗೆದು ಒಗೆದು ಅರ್ಧ ಇಂಚು ಹಿಗ್ಗಿದ ಬ್ಲೌಸಿನ ತಪ್ಪು ಹೊಸದಕ್ಕೂ ಇಳಿಯುತ್ತದೆ. ಪುರುಷ ಟೇಲರ್ ಆದರೆ ಟೇಪನ್ನು ತೊಡುವವಳ ಕೈಗೇ ಕೊಟ್ಟು "ಇಲ್ಲಿಂದ ಇಲ್ಲಿಗೆ ಹಿಡೀರಿ" ಅಂದರೆ ಆಯಿತು, ಅಂಕಿ ಓದಿಕೊಂಡರೆ ಸಾಕು. ಅಳತೆ ತೆಗೆಯುವಾಗ "ದಪ್ಪ ಆಗಿದ್ದೀಯಲ್ಲಮ್ಮ" ಎನ್ನುವ ಮಾತು ಮಾತ್ರ ಬೇಡವೇ ಬೇಡ. ಆ ಮಾತು ಕೇಳಿದವಳು ಮುಂದಿನ ಸಲ ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ, ಅಳತೆ ಒಂದು ಇಂಚು ಕಡಿಮೆ ಬರುತ್ತದೆ, ಹುಕ್ಸ್ ಎಳೆದುಕೊಳ್ಳುತ್ತದೆ.

ನೆಕ್ ಆಳದ ಜಗಳಕ್ಕೆ ಕಸುಬಿನಲ್ಲೇ ಒಂದು ಉಪಾಯವಿದೆ. ಮೊದಲು ಒಂದು ಇಂಚು ಮೇಲಕ್ಕೇ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ಕರೆಯಿರಿ. ಇಳಿಸುವುದು ಯಾವತ್ತೂ ಸಾಧ್ಯ, ಏರಿಸಲು ತೇಪೆಯೇ ಬೇಕು. ಟ್ರಯಲ್ ರೂಮಿನಲ್ಲಿ ತೊಡುವವಳೊಬ್ಬಳನ್ನೇ ಬಿಡಿ. ಕೈ ಎತ್ತಲಿ, ನೆಲದ ಮೇಲಿನದ್ದನ್ನು ಹೆಕ್ಕುವಂತೆ ಬಗ್ಗಲಿ, ಸ್ಟೂಲಿನ ಮೇಲೆ ಕೂರಲಿ. ಆಮೇಲೆ ಚಾಕ್ ಅವಳ ಕೈಗೇ ಕೊಡಿ. ಅವಳು ಗುರುತು ಹಾಕಿದಲ್ಲಿ ಕತ್ತರಿ ಬೀಳಲಿ. ಹೊರಗೆ ಕೂತ ಅತ್ತೆಯೋ ಅಮ್ಮನೋ ಒಪ್ಪದಿದ್ದರೆ "ಪಕ್ಕದಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಟ್ಟಿದೀನಿ ಅಮ್ಮಾ, ನೆಕ್ ಅವಳು ಹೇಳಿದ್ದು" ಎಂದು ನೆಟ್ಟಗೆ ಹೇಳುವ ಧೈರ್ಯ ಟೇಲರಿಗೂ ಇರಬೇಕು.

"ನಮ್ಮ ಸಂಪ್ರದಾಯ ಅಲ್ಲ" ಎನ್ನುವುದು ಆಗ ಬರುವ ಮಾತು. ಯಾವ ಸಂಪ್ರದಾಯ? 2021ರ ನವೆಂಬರಿನಲ್ಲಿ ಅಂಕೋಲಾ ತಾಲ್ಲೂಕಿನ ತುಳಸಿ ಗೌಡ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಿಂತು ಪದ್ಮಶ್ರೀ ಪಡೆದದ್ದು ತಮ್ಮ ಹಾಲಕ್ಕಿ ಸಮುದಾಯದ ಹೆಂಗಸರ ಉಡುಗೆಯಲ್ಲಿ: ಬ್ಲೌಸಿಲ್ಲದೆ ಸುತ್ತಿದ ಸೀರೆ, ಕೊರಳ ತುಂಬ ಮಣಿಸರ. ಬಾಗಲಕೋಟೆ ಕಡೆಯ ಅಜ್ಜಿಯರು ಗುಳೇದಗುಡ್ಡದ ಖಣದ ಕುಪ್ಪಸವನ್ನು ಮುಂದೆ ಗಂಟು ಹಾಕಿ ತೊಟ್ಟರು, ಕೊಡಗಿನವರು ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿದರು. ತಿರುವಾಂಕೂರಿನಲ್ಲಂತೂ ನಾಡಾರ್ ಹೆಂಗಸರು ಎದೆ ಮುಚ್ಚಿಕೊಂಡದ್ದೇ ತಪ್ಪಾಗಿತ್ತು. ದಶಕಗಳ ಹೋರಾಟದ ನಂತರ 1859ರಲ್ಲಿ ರಾಜನ ಅಪ್ಪಣೆ ಬಂತು. ಅದೂ ಮೇಲ್ಜಾತಿಯವರಂತೆ ಮುಚ್ಚಿಕೊಳ್ಳಬಾರದೆಂಬ ಷರತ್ತಿನೊಂದಿಗೆ. ಅಲ್ಲಿ ಮುಚ್ಚಿದರೆ ಶಿಕ್ಷೆ, ಇಲ್ಲಿ ಮುಚ್ಚದಿದ್ದರೆ ನಿಂದೆ. ಎರಡು ಕಡೆಯೂ ತೊಡುವವಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸಿದರು.

"ನಾಳೆ ಏನಾದ್ರೂ ಆದ್ರೆ, ಏನ್ ಹಾಕ್ಕೊಂಡಿದ್ಲು ಅಂತಾನೇ ಕೇಳ್ತಾರೆ" ಎಂಬ ಭಯವೂ ಅಮ್ಮಂದಿರ ಬಾಯಲ್ಲಿ ಬರುತ್ತದೆ. ಅದು ಸುಳ್ಳು ಭಯವಲ್ಲ. ಆದರೆ ಲೈಂಗಿಕ ದೌರ್ಜನ್ಯದ ಪ್ರಕರಣಗಳ ಜಾಮೀನು ಆದೇಶದಲ್ಲಿ ಹೆಣ್ಣಿನ ಉಡುಪು, ನಡತೆಯ ಚರ್ಚೆ ಬರಬಾರದೆಂದು ಸುಪ್ರೀಂ ಕೋರ್ಟ್ 2021ರ ಮಾರ್ಚಿನಲ್ಲೇ ಸ್ಪಷ್ಟವಾಗಿ ಹೇಳಿದೆ. ಇದನ್ನು ಅವರಿಗೆ ತಿಳಿಸಿ.

ದುಪಟ್ಟಾದ ವಿಷಯ ಜೀವಕ್ಕೇ ಬರುವಂಥದ್ದು. ಎರಡೂಕಾಲು ಮೀಟರಿನ ಬಟ್ಟೆ, ಎರಡು ತುದಿಯೂ ಸಡಿಲ. ಸ್ಕೂಟರಿನಲ್ಲಿ ಗಾಳಿಗೆ ಹಾರಿ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಯನ್ನೇ ಎಳೆಯುತ್ತದೆ. ಹಿಂದೆ ಕೂತವರ ಬಟ್ಟೆ ಸಿಕ್ಕದಂತೆ ಹಿಂಬದಿ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಹಾಗಿದ್ದೂ ಸೀರೆ ಗಾರ್ಡ್ ಬಿಚ್ಚಿಸಿದ ಬೈಕುಗಳು ಎಷ್ಟೋ. ದುಪಟ್ಟಾ ಬೇಡವೆನ್ನುವವಳಿಗೆ, ಆದರೆ ಎದೆಯ ಮೇಲೆ ಒಂದು ಪದರ ಬೇಕೆನ್ನುವವಳಿಗೆ, ಕುರ್ತಾದ ಮುಂಭಾಗಕ್ಕೆ ಕಾಟನ್ ಲೈನಿಂಗ್ ಕೊಟ್ಟು ಯೋಕ್ (ಭುಜದಿಂದ ಎದೆಯವರೆಗಿನ ಮೇಲ್ಭಾಗದ ತುಂಡು) ಕೆಳಗೆ ಎರಡು ಇಂಚಿನ ನೆರಿಗೆ ಕೊಡಿ, ಇಲ್ಲವೇ ಗುಂಡಿಯಿಲ್ಲದ ತೆಳು ಜಾಕೆಟ್. ಕೇಳಿದವರಿಗಷ್ಟೇ, ಎಲ್ಲರ ಮೇಲೂ ಹೇರಲು ಅಲ್ಲ.

ಕುರ್ತಾದ ಪಕ್ಕದ ಸ್ಲಿಟ್ ಅಗಲುವುದು ಸೀಟಿನ (ಸೊಂಟದ ಕೆಳಗಿನ ಅಗಲ ಭಾಗದ) ಅಳತೆಯನ್ನು ನಿಲ್ಲಿಸಿಯೇ ತೆಗೆಯುವುದರಿಂದ. ಕೂತಾಗ ಅದು ಒಂದೆರಡು ಇಂಚು ಹೆಚ್ಚುತ್ತದೆ. ಕೂರಿಸಿಯೇ ಅಳೆದು ಅದರ ಮೇಲೆ ಇನ್ನೂ ಎರಡು ಇಂಚು ಬಿಡಿ.

ಶಾಲೆಯ ಹುಡುಗಿಯರ ಯೂನಿಫಾರಂ ಬಗ್ಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಹನ್ನೆರಡರಿಂದ ಹದಿನೈದರ ನಡುವೆ ಮೈ ಬೇಗ ಬದಲಾಗುತ್ತದೆ. ಜೂನಿನಲ್ಲಿ ಸರಿಯಿದ್ದದ್ದು ಅಕ್ಟೋಬರಿಗೆ ಎದೆಯ ಮೇಲೆ ಬಿಗಿಯುತ್ತದೆ. ಮಗುವಿಗೆ ಅದನ್ನು ಮನೆಯಲ್ಲಿ ಹೇಳಲು ನಾಚಿಕೆ. ಕ್ಲಾಸಿನಲ್ಲಿ ಯಾರಾದರೊಬ್ಬರು ಆಡಿದ ಮಾತಿಗೆ ಅವಳು ಬೆನ್ನು ಗೂನು ಮಾಡಿ, ಬ್ಯಾಗನ್ನು ಎದೆಗೆ ಅಪ್ಪಿಕೊಂಡು ನಡೆಯಲು ಶುರುಮಾಡುತ್ತಾಳೆ. ಹೊಲಿಯುವಾಗಲೇ ಪಕ್ಕಕ್ಕೆ ಎರಡು ಇಂಚು, ಕೆಳಗೆ ಮೂರು ಇಂಚು ಮಡಚಿಡಿ, ಮುಂಭಾಗಕ್ಕೆ ಕಾಟನ್ ಲೈನಿಂಗ್ ಹಾಕಿ. ದಸರಾ ರಜೆಯಲ್ಲಿ ಒಮ್ಮೆ ತಂದು ತೋರಿಸಲು ಅಮ್ಮನಿಗೆ ಹೇಳಿ ಕಳಿಸಿ. ಪಕ್ಕದ ಹೊಲಿಗೆ ಬಿಚ್ಚಿ ಅರ್ಧರ್ಧ ಇಂಚು ಬಿಡಲು ಅರ್ಧ ಗಂಟೆ ಸಾಕು.