ಎಕ್ಸೆಟರ್ ಸ್ಮಶಾನದಲ್ಲಿ ಸುಟ್ಟ ಹೃದಯ

1892ರ ಮಾರ್ಚ್ 17ರಂದು ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದ ಎಕ್ಸೆಟರ್ ಎಂಬ ಹಳ್ಳಿಯಲ್ಲಿ, ಬ್ಯಾಪ್ಟಿಸ್ಟ್ ಚರ್ಚಿನ ಹಿಂದಿನ ಚೆಸ್ಟ್‌ನಟ್ ಹಿಲ್ ಸ್ಮಶಾನದಲ್ಲಿ ಊರಿನ ಕೆಲವರು ಸೇರಿ ಮೂರು ಹೆಣಗಳನ್ನು ಹೊರತೆಗೆಸಿದರು. ಮೂರೂ ಜಾರ್ಜ್ ಬ್ರೌನ್ ಎಂಬ ರೈತನ ಮನೆಯವರದೇ. ಹೆಂಡತಿ ಮೇರಿ 1883ರಲ್ಲಿ ತೀರಿಕೊಂಡಿದ್ದಳು, ಹಿರಿಯ ಮಗಳು ಮೇರಿ ಆಲಿವ್ 1884ರಲ್ಲಿ. 19 ವರ್ಷದ ಮರ್ಸಿ ಲೆನಾ ಸತ್ತು ಎರಡು ತಿಂಗಳಷ್ಟೇ ಆಗಿತ್ತು. ಮೂವರನ್ನೂ ತಿಂದದ್ದು ಕ್ಷಯ. ಮಗ ಎಡ್ವಿನ್ ಕೂಡ ಅದೇ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಒಬ್ಬರು ಗೋರಿಯೊಳಗಿಂದ ಅವನ ಜೀವ ಹೀರುತ್ತಿದ್ದಾರೆ ಎಂದು ನೆರೆಹೊರೆಯವರು ಪಟ್ಟು ಹಿಡಿದರು. ತಂದೆಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಕೊನೆಗೆ ಒಪ್ಪಿದ.

ಪರೀಕ್ಷೆಯ ವಿಧಾನ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಪೆಟ್ಟಿಗೆ ತೆರೆದು, ಎದೆ ಸೀಳಿ, ಹೃದಯದಲ್ಲಿ ರಕ್ತವಿದೆಯೇ ಎಂದು ನೋಡಬೇಕು. ಇದ್ದರೆ ಅದನ್ನು ಸುಟ್ಟು, ಬೂದಿಯನ್ನು ನೀರಿಗೆ ಬೆರೆಸಿ ರೋಗಿಗೆ ಕುಡಿಸಬೇಕು. ತಾಯಿ ಮತ್ತು ಅಕ್ಕನ ದೇಹಗಳಲ್ಲಿ ಅಂಥದ್ದೇನೂ ಉಳಿದಿರಲಿಲ್ಲ. ಮರ್ಸಿಯ ದೇಹ ಮಾತ್ರ ಕೆಟ್ಟಿರಲಿಲ್ಲ, ಹೃದಯದಲ್ಲೂ ಯಕೃತ್ತಿನಲ್ಲೂ ರಕ್ತವಿತ್ತು. ಪರೀಕ್ಷಿಸಿದ ವೈದ್ಯ ಹೆರಾಲ್ಡ್ ಮೆಟ್‌ಕಾಫ್, ಇದು ಸಹಜ, ಶ್ವಾಸಕೋಶದಲ್ಲಿ ಕ್ಷಯದ ಗುರುತುಗಳಿವೆ ಎಂದು ಬಿಡಿಸಿ ಹೇಳಿದ. ಯಾರೂ ಕಿವಿಗೊಡಲಿಲ್ಲ. ಅಲ್ಲೇ ಒಂದು ಬಂಡೆಯ ಮೇಲೆ ಎರಡೂ ಅಂಗಗಳನ್ನು ಸುಟ್ಟರು. ಬೂದಿ ಬೆರೆಸಿದ ನೀರು ಕುಡಿದ ಎಡ್ವಿನ್ ಮೇ 2ರಂದು ತೀರಿಕೊಂಡ.

ಆ ಬೂದಿ ಅವನಿಗೆ ಒಳಿತು ಮಾಡಲಿಲ್ಲ, ಕೆಡುಕನ್ನೂ ಮಾಡಿರಲಾರದು. ಬೆಂಕಿಯಲ್ಲಿ ಬೂದಿಯಾದ ಅಂಗದಲ್ಲಿ ಯಾವ ಬ್ಯಾಕ್ಟೀರಿಯವೂ ಬದುಕುವುದಿಲ್ಲ.

ಮರ್ಸಿಯ ದೇಹ ಕೆಡದೆ ಉಳಿಯಲು ಕಾರಣ ಚಳಿ. ಆಕೆ ಸತ್ತದ್ದು ಜನವರಿಯಲ್ಲಿ, ನೆಲ ಮಂಜುಗಟ್ಟಿ ಗುದ್ದಲಿ ಇಳಿಯದ ಕಾಲದಲ್ಲಿ. ಹಾಗಾಗಿ ಪೆಟ್ಟಿಗೆಯನ್ನು ಹೂಳದೆ ನೆಲದ ಮೇಲಿನ ಕಲ್ಲಿನ ಕೋಣೆಯಲ್ಲಿ ಇಟ್ಟಿದ್ದರು. ಹೆಣ ಕೊಳೆಯುವುದು ಅದರದೇ ಜೀವಕೋಶಗಳ ಕಿಣ್ವಗಳಿಂದ ಮತ್ತು ಕರುಳಿನ ಬ್ಯಾಕ್ಟೀರಿಯಗಳಿಂದ. ಉಷ್ಣಾಂಶ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಎರಡೂ ಬಹುತೇಕ ನಿಂತೇಬಿಡುತ್ತವೆ. ಇಂದಿನ ಶವಾಗಾರಗಳಲ್ಲಿ ದೇಹ ಇಡುವುದೂ ಇದೇ ಆಸುಪಾಸಿನ ತಂಪಿನಲ್ಲಿ. ತಾಯಿ, ಅಕ್ಕ ಎಂಟು ಬೇಸಿಗೆ ಮಣ್ಣಿನಲ್ಲಿದ್ದವರು. ಮರ್ಸಿ ಒಂದು ಬೇಸಿಗೆಯನ್ನೂ ದಾಟಿರಲಿಲ್ಲ. ಇಬ್ಬರಿಗೆ ಒಂದು ಅಳತೆ, ಮೂರನೆಯವಳಿಗೆ ಇನ್ನೊಂದು ಎಂಬುದು ಅಂದು ಯಾರ ತಲೆಗೂ ಹೊಳೆಯಲಿಲ್ಲ.

ಚಳಿಯಿಲ್ಲದ ಕಡೆಯೂ ಗೋರಿ ತೆರೆದವರು ಬೆಚ್ಚಿಬಿದ್ದದ್ದುಂಟು. ಗಾಳಿಗೆ ತೆರೆದ ದೇಹ ಒಂದು ವಾರದಲ್ಲಿ ಕೊಳೆಯುವಷ್ಟು, ಮಣ್ಣಿನಡಿಯ ದೇಹ ಕೊಳೆಯಲು ಸುಮಾರು ಎಂಟು ವಾರ ಬೇಕು. ಇದು ಜರ್ಮನ್ ವೈದ್ಯ ಯೋಹಾನ್ ಕಾಸ್ಪರ್ 19ನೇ ಶತಮಾನದಲ್ಲಿ ಕೊಟ್ಟ ಲೆಕ್ಕ. ಹೊಟ್ಟೆಯಲ್ಲಿ ಅನಿಲ ತುಂಬಿದಾಗ ಒಣಕಲು ರೋಗಿಯ ದೇಹವೂ ಉಬ್ಬಿ ಮೈತುಂಬಿಕೊಂಡಂತೆ ಕಾಣುತ್ತದೆ. ಆ ಒತ್ತಡಕ್ಕೆ ಶ್ವಾಸಕೋಶದ ಕೆಂಪು ದ್ರವ ಬಾಯಿಗೆ ಬರುತ್ತದೆ. ಚರ್ಮ ಒಣಗಿ ಹಿಂದೆ ಸರಿದಾಗ ಉಗುರು ಬೆಳೆದಂತೆ ತೋರುತ್ತದೆ. ಹೆಪ್ಪುಗಟ್ಟಿದ ರಕ್ತ ಮತ್ತೆ ದ್ರವವಾಗುವುದೂ ಉಂಟು. ರಕ್ತ ಕುಡಿದು ಕೊಬ್ಬಿದ ಹೆಣ ಎಂಬ ಕಥೆಗೆ ಬೇಕಾದ ಪ್ರತಿಯೊಂದು ಗುರುತೂ ಇದರಲ್ಲಿದೆ. ಜನ ಕಂಡದ್ದು ಸುಳ್ಳಲ್ಲ, ಅದಕ್ಕೆ ಹಚ್ಚಿದ ಕಾರಣ ತಪ್ಪು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಒಬ್ಬರು ಸತ್ತ ಮೇಲೆ ಅದೇ ಮನೆಯ ಇನ್ನೊಬ್ಬರು ಸೊರಗುತ್ತಾರೆ ಎಂಬುದನ್ನು ಈ ಹಳ್ಳಿಗರು ಸರಿಯಾಗಿಯೇ ಗಮನಿಸಿದ್ದರು. ಎಡವಿದ್ದು ಸಮಯದ ಲೆಕ್ಕದಲ್ಲಿ. ಸೋಂಕು ದಾಟುವುದು ರೋಗಿ ಬದುಕಿದ್ದಾಗ, ಕೆಮ್ಮಿನ ಸಣ್ಣ ಹನಿಗಳ ಮೂಲಕ. ಚಳಿಗಾಲವಿಡೀ ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಮಲಗುವವರಿಗೆ ಅದು ಸುಲಭವಾಗಿ ತಗಲುತ್ತದೆ. ಕ್ಷಯದ ಬ್ಯಾಕ್ಟೀರಿಯ ಎರಡಾಗಲು ಸುಮಾರು 20 ಗಂಟೆ ತೆಗೆದುಕೊಳ್ಳುತ್ತದೆ, ಮೈಯೊಳಗೆ ವರ್ಷಗಟ್ಟಲೆ ಅಡಗಿ ಕೂರಬಲ್ಲದು. ಸೋಂಕು ತಗಲಿದವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಶೇ. 5ರಿಂದ 10. ಹಾಗಾಗಿ ಮೊದಲನೆಯವರು ಮಣ್ಣಾಗಿ ಎಷ್ಟೋ ದಿನದ ಮೇಲೆ ಎರಡನೆಯವರು ಕೆಮ್ಮಲು ಶುರುಮಾಡುತ್ತಾರೆ. ನೋಡುವವರ ಕಣ್ಣು ಗೋರಿಯತ್ತ ಹೋದದ್ದು ಇದರಿಂದಲೇ.

ಜರ್ಮನ್ ವೈದ್ಯ ರಾಬರ್ಟ್ ಕಾಕ್ ಈ ಬ್ಯಾಕ್ಟೀರಿಯವನ್ನು ಬರ್ಲಿನ್‌ನಲ್ಲಿ 1882ರ ಮಾರ್ಚ್ 24ರಂದೇ ಜಗತ್ತಿಗೆ ತಿಳಿಸಿದ್ದರು. ಅಂದರೆ ಎಕ್ಸೆಟರ್ ಘಟನೆಗೆ ಹತ್ತು ವರ್ಷ ಮೊದಲು. ಆದರೆ ರೋಗದ ಕಾರಣ ಬಲ್ಲ ವೈದ್ಯನ ಕೈಯಲ್ಲಿ ಔಷಧಿ ಇರಲಿಲ್ಲ. ಒಳ್ಳೆಯ ಗಾಳಿ ಅರಸಿ ಎಡ್ವಿನ್ ಕೊಲೊರಾಡೊಗೂ ಹೋಗಿಬಂದಿದ್ದ. ಕ್ಷಯಕ್ಕೆ ನಾಟುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ವೈದ್ಯನ ಬರಿ ಮಾತಿಗಿಂತ ಕೈಯಲ್ಲಿ ಮಾಡಬಹುದಾದ ಕೆಲಸವೊಂದನ್ನು ಊರವರು ಆರಿಸಿಕೊಂಡದ್ದರಲ್ಲಿ ಕ್ರೌರ್ಯಕ್ಕಿಂತ ಹತಾಶೆಯೇ ಹೆಚ್ಚು ಕಾಣುತ್ತದೆ.

ಇದೊಂದೇ ಪ್ರಕರಣವೂ ಅಲ್ಲ. ವರ್ಮಾಂಟ್‌ನ ಮ್ಯಾಂಚೆಸ್ಟರ್‌ನಲ್ಲಿ 1793ರಲ್ಲಿ ಕಮ್ಮಾರನ ಕುಲುಮೆಯಲ್ಲೇ ಹೀಗೆ ಅಂಗಗಳನ್ನು ಸುಟ್ಟಿದ್ದರು. ಕನೆಕ್ಟಿಕಟ್‌ನ ಗ್ರಿಸ್‌ವೋಲ್ಡ್‌ನಲ್ಲಿ 1990ರಲ್ಲಿ ಜಲ್ಲಿಗುಂಡಿಯೊಂದರ ಅಂಚು ಕುಸಿದು ಹಳೆಯ ಸ್ಮಶಾನ ಬಯಲಾಯಿತು. ಅಲ್ಲಿನ ಒಂದು ಪೆಟ್ಟಿಗೆಯ ಮೇಲೆ ಹಿತ್ತಾಳೆ ಮೊಳೆಗಳಿಂದ ‘ಜೆಬಿ 55’ ಎಂದು ಬರೆದಿತ್ತು, ಬಹುಶಃ ಸತ್ತವನ ಹೆಸರಿನ ಮೊದಲಕ್ಷರಗಳು ಮತ್ತು ವಯಸ್ಸು. ಒಳಗೆ ಎದೆಗೂಡನ್ನು ಮುರಿದಿದ್ದರು. ತಲೆಬುರುಡೆಯನ್ನೂ ತೊಡೆಮೂಳೆಗಳನ್ನೂ ಕಿತ್ತು, ಎದೆಯ ಮೇಲೆ ಅಡ್ಡಡ್ಡ ಜೋಡಿಸಿದ್ದರು. ಸತ್ತು ಸುಮಾರು ಐದು ವರ್ಷವಾದ ಮೇಲೆ ತೆರೆದಾಗ ಸುಡಲು ಹೃದಯ ಉಳಿದಿರಲಿಲ್ಲ, ಅದಕ್ಕೇ ಮೂಳೆಗಳನ್ನು ಅಲುಗಾಡಿಸಿರಬೇಕು ಎಂದು ಪುರಾತತ್ವಜ್ಞರು ಊಹಿಸುತ್ತಾರೆ. ಪಕ್ಕೆಲುಬುಗಳ ಮೇಲೆ ಕ್ಷಯದಂಥ ಕಲೆಗಳಿದ್ದವು. 2019ರಲ್ಲಿ, ತಂದೆಯಿಂದ ಮಗನಿಗೆ ದಾಟುವ ವೈ ಕ್ರೋಮೋಸೋಮ್‌ನ ಪರೀಕ್ಷೆ ಬಾರ್ಬರ್ ಎಂಬ ಮನೆತನದತ್ತ ಬೆರಳು ಮಾಡಿತು. ಪಕ್ಕದಲ್ಲಿ ‘ಎನ್‌ಬಿ 13’ ಎಂಬ ಪೆಟ್ಟಿಗೆಯಿತ್ತು. 12 ವರ್ಷದ ನೇಥನ್ ಬಾರ್ಬರ್ ಸತ್ತ ಸುದ್ದಿ 1826ರ ಪತ್ರಿಕೆಯಲ್ಲಿ ಸಿಕ್ಕಿತು, ತಂದೆಯ ಹೆಸರು ಜಾನ್.

ಎಕ್ಸೆಟರ್‌ಗೆ ಇಂದಿಗೂ ರಾತ್ರಿ ಹೊತ್ತು ದೆವ್ವ ನೋಡಲು ಬರುವವರಿದ್ದಾರೆ. ಮರ್ಸಿಯ ಗೋರಿಕಲ್ಲನ್ನೇ ಒಮ್ಮೆ ಕದ್ದೊಯ್ದಿದ್ದರಿಂದ ಈಗ ಅದಕ್ಕೆ ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಭಾರತದವರೇ, ಮತ್ತು ಬ್ರೌನ್ ಮನೆಯಲ್ಲಿ ಆದಂತೆ ಇಲ್ಲೂ ಅದು ಮೊದಲು ಮನೆಮಂದಿಗೇ ಹಬ್ಬುತ್ತದೆ. ಸಾಮಾನ್ಯ ಕ್ಷಯಕ್ಕೆ ಈಗ ಆರು ತಿಂಗಳ ಮಾತ್ರೆ ಸಾಕು. ಒಬ್ಬರಿಗೆ ಕ್ಷಯ ಎಂದು ತಿಳಿದ ಕೂಡಲೇ ಜೊತೆಗಿರುವ ಎಲ್ಲರನ್ನೂ ಪರೀಕ್ಷಿಸಿ, ಕಾಯಿಲೆ ಇಲ್ಲದವರಿಗೆ ತಡೆ ಚಿಕಿತ್ಸೆ ಕೊಡುತ್ತಾರೆ: ದಿನವೂ ಐಸೋನಿಯಾಜಿಡ್ ಆರು ತಿಂಗಳು, ಇಲ್ಲವೇ ಅದರೊಡನೆ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆಯಂತೆ 12 ವಾರ.