ಒಂದೆಲಗ: ಬ್ರಾಹ್ಮಿ ಹೌದೋ ಅಲ್ಲವೋ

ಬೆಂಗಳೂರಿನಲ್ಲಿ ಸೊಪ್ಪು ಮಾರುವ ಹೆಂಗಸಿನ ಬಳಿ ಒಮ್ಮೆ ‘ಒಂದೆಲಗ ಇದೆಯೇನಮ್ಮಾ’ ಎಂದು ಕೇಳಿದೆ. ‘ಅದಿಲ್ಲ, ಬ್ರಾಹ್ಮಿ ಇದೆ’ ಎಂದು ಆಕೆ ಎತ್ತಿಕೊಟ್ಟ ಕಟ್ಟು ಒಂದೆಲಗವೇ ಆಗಿತ್ತು. ಅದೇ ವಾರ ನರ್ಸರಿಯೊಂದರಲ್ಲಿ ‘ಬ್ರಾಹ್ಮಿ’ ಎಂಬ ಚೀಟಿಯಿದ್ದ ಕುಂಡ ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದು ಬೇರೆಯೇ ಗಿಡ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಹೆಸರೇ ಹೇಳುವಂತೆ, ಒಂದು ಎಲೆಯುಳ್ಳದ್ದು ಒಂದೆಲಗ. ನೆಲಕ್ಕಂಟಿ ಹಬ್ಬುವ ಇದರ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಅಲ್ಲಿಂದ ಮೇಲೇಳುವ ಒಂದೊಂದು ಉದ್ದನೆಯ ತೊಟ್ಟಿಗೂ ಎಲೆ ಒಂದೇ: ದುಂಡಗೆ, ಅಂಚೆಲ್ಲ ಕಚ್ಚುಕಚ್ಚು, ತೊಟ್ಟು ಸೇರುವಲ್ಲಿ ಒಂದು ಸೀಳು. ತೋಟದ ಬಸಿಗಾಲುವೆಯ ಬದಿ, ಗದ್ದೆಯ ಅಂಚು, ಬಾವಿಕಟ್ಟೆಯ ನೀರು ಹರಿಯುವ ಜಾಗ ಇದಕ್ಕೆ ಇಷ್ಟ. ಮಲೆನಾಡಿನ ಕೆಲವೆಡೆ ಇದು ಉರಗೆ, ತುಳುವರಿಗೆ ತಿಮರೆ, ಮಕ್ಕಳಿಗೆ ವಿದ್ಯೆ ಹತ್ತಲಿ ಎಂದು ತಿನ್ನಿಸುವವರಿಗೆ ಸರಸ್ವತಿ ಸೊಪ್ಪು. ಸಂಸ್ಕೃತದಲ್ಲಿ ಮಂಡೂಕಪರ್ಣಿ, ಕಪ್ಪೆಯಿರುವ ಜವುಗಿನಲ್ಲೇ ಇದೂ ಇರುತ್ತದೆ, ಹೆಸರು ಒಪ್ಪುತ್ತದೆ. ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ಕೊತ್ತಂಬರಿ, ಜೀರಿಗೆ, ಕ್ಯಾರೆಟ್‌ಗಳ ಕುಟುಂಬಕ್ಕೆ ಸೇರಿದ ಗಿಡವಿದು. ಎಲೆಯನ್ನು ಹಿಸುಕಿ ಮೂಗಿಗೆ ಹಿಡಿದರೆ ಆ ನಂಟು ತಿಳಿಯುತ್ತದೆ.

ನರ್ಸರಿಯ ಕುಂಡದಲ್ಲಿದ್ದದ್ದು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಇದಕ್ಕೂ ನೀರು ಬೇಕು, ಇದೂ ನೆಲದಲ್ಲೇ ಹರಡುತ್ತದೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಉಗುರಿನಷ್ಟೇ ಇರುವ ದಪ್ಪನೆಯ ಎಲೆಗಳು ತೊಟ್ಟಿಲ್ಲದೆ ಎದುರುಬದುರು ಜೋಡಿಯಾಗಿ ಕೂತಿರುತ್ತವೆ. ಹೂವು ಬಿಳಿ ಅಥವಾ ತಿಳಿನೇರಳೆ. ಒಂದು ಎಲೆ ಅಗಿದರೆ ಸಾಕು, ಕಹಿ ಬಹಳ ಹೊತ್ತು ನಾಲಗೆ ಬಿಡುವುದಿಲ್ಲ. ಕೇರಳದವರಿಗೆ ಬ್ರಾಹ್ಮಿಯೆಂದರೆ ಇದು. ಉತ್ತರ ಭಾರತದ ಹಲವೆಡೆ ಬ್ರಾಹ್ಮಿಯೆಂದರೆ ಒಂದೆಲಗ. ನಡುವೆ ಇರುವ ನಾವು ಎರಡನ್ನೂ ಹಾಗೆಯೇ ಕರೆದು ಗೊಂದಲ ಮಾಡಿಕೊಂಡಿದ್ದೇವೆ.

ಗೊಂದಲ ಬರಿಯ ಹೆಸರಿನದಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಒಂದರ ಗುಣವನ್ನು ಇನ್ನೊಂದರ ಖಾತೆಗೆ ಬರೆಯಲಾಗುತ್ತಿದೆ. ಚರಕ ಸಂಹಿತೆ ಬುದ್ಧಿಗೆ ಹಿತವೆಂದು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮಂಡೂಕಪರ್ಣಿಯ ಸ್ವರಸವೂ (ಹಿಂಡಿ ತೆಗೆದ ಹಸಿ ರಸ) ಒಂದು, ನಿಜ. ಆದರೆ ‘ಬ್ರಾಹ್ಮಿಯಿಂದ ನೆನಪಿನ ಶಕ್ತಿ ಹೆಚ್ಚುತ್ತದೆ’ ಎಂದು ಇಂದು ತೋರಿಸುವ ಅಧ್ಯಯನಗಳಲ್ಲಿ ಹೆಚ್ಚಿನವು ನೀರುಬ್ರಾಹ್ಮಿಯವು. ಅದರಲ್ಲಿರುವ ಬಕೋಸೈಡ್ ಎಂಬ ಅಂಶಗಳನ್ನು ಸುಮಾರು 12 ವಾರ ಸೇವಿಸಿದವರಲ್ಲಿ ಕಲಿತದ್ದನ್ನು ನೆನಪಿಟ್ಟುಕೊಳ್ಳುವುದು ಒಂದಿಷ್ಟು ಸುಧಾರಿಸಿದ್ದು ಕಂಡಿದೆ. ಪರೀಕ್ಷೆಯ ಹಿಂದಿನ ರಾತ್ರಿ ಕುಡಿದರೆ ಏನೂ ಆಗದು. ಒಂದೆಲಗದ ಬಲ ಇರುವುದು ನಮ್ಮ ಚರ್ಮದ ವಿಷಯದಲ್ಲಿ. ಅದರ ಏಷಿಯಾಟಿಕೋಸೈಡ್ ಮೊದಲಾದ ಅಂಶಗಳು ಗಾಯ ಮಾಯುವಾಗ ಬೇಕಾಗುವ ಕೊಲಾಜನ್ ಎಂಬ ಪ್ರೋಟೀನು ಹುಟ್ಟಲು ಒತ್ತಾಸೆ ನೀಡುತ್ತವೆ. ಗಾಯಕ್ಕೆ, ಕಲೆಗೆ ಹಚ್ಚುವ ಹಲವು ಮುಲಾಮುಗಳಲ್ಲಿ ಅವು ಇರುವುದು ಅದಕ್ಕೇ. ನೆನಪಿನ ವಿಷಯದಲ್ಲಿ ಅದರ ಪುರಾವೆ ತೆಳು.

ಹಾಗೆಂದು ತಂಬುಳಿ ಬಿಡಬೇಕಾಗಿಲ್ಲ. ಹಿಡಿ ಎಲೆಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ ಸಾಸಿವೆಯ ಒಗ್ಗರಣೆ ಕೊಟ್ಟರೆ ಆಯಿತು. ಕುದಿಸುವ ಹಾಗಿಲ್ಲ, ಒಡೆದುಹೋಗುತ್ತದೆ. ತಂಪು, ಹುಳಿ ಎರಡೂ ಸೇರಿದ ಹೆಸರು ಅದಕ್ಕೆ ಸುಮ್ಮನೆ ಬಂದಿಲ್ಲ. ಬೇಸಗೆಯ ಮಧ್ಯಾಹ್ನ ಬಿಸಿ ಅನ್ನಕ್ಕೆ ಇದನ್ನು ಕಲಸಿ ಉಂಡವರಿಗೆ ಔಷಧದ ಮಾತೇ ನೆನಪಾಗುವುದಿಲ್ಲ. ಮಾತ್ರೆಯ ಕಥೆ ಬೇರೆ. ಒಂದೆಲಗದ ಮಾತ್ರೆ, ಪುಡಿಗಳನ್ನು ವಾರಗಟ್ಟಲೆ ನುಂಗಿದ ಕೆಲವರ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ, ಅಪರೂಪವಾದರೂ. ನೀರುಬ್ರಾಹ್ಮಿ ಕೆಲವರಿಗೆ ಹೊಟ್ಟೆ ಕೆಡಿಸುತ್ತದೆ. ಬಸುರಿಯರು, ದಿನವೂ ಬೇರೆ ಔಷಧ ತೆಗೆದುಕೊಳ್ಳುವವರು ಮಾತ್ರೆಗೆ ಕೈಹಾಕುವ ಮೊದಲು ವೈದ್ಯರನ್ನು ಕೇಳಬೇಕು. ಇನ್ನು ಪೇಟೆಯ ಚರಂಡಿ ಬದಿಯಲ್ಲಿ ಸೊಂಪಾಗಿ ಬೆಳೆದದ್ದನ್ನು ಕೀಳಲೇಬಾರದು. ನೆಲದಲ್ಲಿರುವ ಸೀಸದಂಥ ಲೋಹಗಳನ್ನೂ ಈ ಗಿಡ ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ಈಚೆಗೆ ಮೂರನೆಯದೊಂದು ಗಿಡವೂ ಒಂದೆಲಗವೆಂದು ಕುಂಡ ಸೇರುತ್ತಿದೆ. ಎಲೆ ನಾಣ್ಯದಂತೆ ದುಂಡಗೆ, ಹೊಳಪು ಹೆಚ್ಚು. ಅದನ್ನು ತಿರುಗಿಸಿ ನೋಡಿ: ತೊಟ್ಟು ಕೊಡೆಯ ಕೋಲಿನಂತೆ ಎಲೆಯ ನಟ್ಟನಡುವೆ ನೆಟ್ಟಿರುತ್ತದೆ, ಸೀಳು ಇರುವುದಿಲ್ಲ. ಅದು ಅಂದಕ್ಕೆ ಬೆಳೆಸುವ ಗಿಡ, ತಂಬುಳಿಗಲ್ಲ.