ಕಥೆ ಗೊತ್ತಿದ್ದೂ ಮತ್ತೆ ನೋಡುವುದೇಕೆ?

ಪ್ರಶ್ನೆ: ನಮ್ಮ ಅಪ್ಪ ‘ನಾಗರಹಾವು’ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಆದರೂ ಟಿ.ವಿ.ಯಲ್ಲಿ ಬಂದರೆ ಊಟ ಬಿಟ್ಟು ಕೂರುತ್ತಾರೆ. ಹಳೆಯ ನೆನಪಿನ ಸೆಳೆತ ಎಂದುಕೊಂಡಿದ್ದೆ. ಈಗ ನನಗೂ ಅದೇ ಹುಚ್ಚು ಹಿಡಿದಿದೆ. ಆ ಚಿತ್ರ ಬಂದಾಗ ನಾನು ಹುಟ್ಟಿರಲೇ ಇಲ್ಲ. ಕೆಲವು ಹಳೆಯ ಚಿತ್ರಗಳಿಗೆ ಮಾತ್ರ ಈ ಶಕ್ತಿ ಎಲ್ಲಿಂದ ಬರುತ್ತದೆ?
– ಕಾಲೇಜು ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಅರ್ಧ ಉತ್ತರವನ್ನು ನೀವೇ ಕೊಟ್ಟಿದ್ದೀರಿ. ಹುಟ್ಟುವ ಮೊದಲಿನ ಕಾಲದ ನೆನಪು ಯಾರಿಗೂ ಇರುವುದಿಲ್ಲ. 1972ರ ಚಿತ್ರ ಇಂದಿನ ಇಪ್ಪತ್ತರ ಹುಡುಗಿಯನ್ನು ಹಿಡಿದು ಕೂರಿಸುತ್ತದೆ ಎಂದಾದರೆ, ಹಳೆಯ ದಿನಗಳ ಹಂಬಲ ಎಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಉಳಿದರ್ಧ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು. ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಗೆ ‘ವಾಲಿವಧೆ’ ಇಟ್ಟುಕೊಂಡರೆ, ವಾಲಿ ಸಾಯುತ್ತಾನೆಂದು ಚಾಪೆಯ ಮೂಲೆಯಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ಆದರೂ ಬಾಣ ನೆಟ್ಟ ಮೇಲೆ ಯಾರೂ ಏಳುವುದಿಲ್ಲ; ಸಭೆ ಬೆನ್ನು ನೆಟ್ಟಗೆ ಮಾಡಿ ಕೂರುವುದೇ ಆಗ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಇವತ್ತಿನ ವಾಲಿ ಹೇಗೆ ಕೇಳುತ್ತಾನೆ, ರಾಮನಿಂದ ಏನು ಉತ್ತರ ಬರುತ್ತದೆ, ಅದನ್ನು ಕೇಳಲೆಂದೇ ಜನ ಬಂದಿರುತ್ತಾರೆ. ಮರುದಿನ ಬಸ್ ಕಾಯುವಲ್ಲಿ ಅದೇ ಮಾತು ಮುಂದುವರಿಯುತ್ತದೆ. ಎಷ್ಟು ಸಲ ಆಡಿದರೂ ಆ ಪ್ರಸಂಗ ಹಳತಾಗಿಲ್ಲ, ಏಕೆಂದರೆ ವಾಲಿಯ ಪ್ರಶ್ನೆ ಇನ್ನೂ ತೀರಿಲ್ಲ. ಬಾಳಿ ಉಳಿಯುವ ಸಿನಿಮಾದಲ್ಲಿಯೂ ಇಂಥದ್ದೊಂದು ತೀರದ ವಾದ ಇರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಇಂಥ ಚಿತ್ರಗಳಿಗೆ ಈಗ ‘ಕಲ್ಟ್’ ಎನ್ನುತ್ತಾರೆ. ಆರಾಧನೆ, ಪಂಥ ಎಂಬುದು ಆ ಪದದ ಮೂಲ ಅರ್ಥ. 1970ರ ದಶಕದಲ್ಲಿ ನ್ಯೂಯಾರ್ಕಿನ ಕೆಲವು ಚಿತ್ರಮಂದಿರಗಳ ನಡುರಾತ್ರಿಯ ಆಟಗಳಿಗೆ ಅದೇ ಜನ ಮತ್ತೆ ಮತ್ತೆ ಬರತೊಡಗಿದರು. 1975ರ ‘ದಿ ರಾಕಿ ಹಾರರ್ ಪಿಕ್ಚರ್ ಶೋ’ಗೆ ಪ್ರೇಕ್ಷಕರು ಪಾತ್ರಗಳ ವೇಷ ಹಾಕಿಕೊಂಡು ಹೋಗಿ, ತೆರೆಯ ಮೇಲಿನ ಮಾತಿಗೆ ಕೆಳಗಿನಿಂದ ಉತ್ತರ ಕೊಡುತ್ತಿದ್ದರು. ಹಣ ಗಳಿಸಿದ ಚಿತ್ರಗಳೆಲ್ಲ ಹೀಗಾಗುವುದಿಲ್ಲ. ಹೀಗಾದ ಎಷ್ಟೋ ಚಿತ್ರಗಳು ಮೊದಲು ಬಂದಾಗ ಸೋತಿದ್ದವು. ನಮ್ಮ ಕಾಸರಗೋಡು ಜಿಲ್ಲೆಯ ಟಾಕೀಸುಗಳಲ್ಲಿ ನೋಡಿದವರಿಗೆ ‘ದೇವದೂತನ್’ ನೆನಪಿರಬಹುದು. 2000ದಲ್ಲಿ ಬಂದಾಗ ಜನ ಕೈಬಿಟ್ಟ ಈ ಮಲಯಾಳ ಚಿತ್ರ 2024ರಲ್ಲಿ ಮತ್ತೆ ಬಿಡುಗಡೆಯಾದಾಗ ಚಿತ್ರಮಂದಿರಗಳು ತುಂಬಿದವು. 1983ರ ಹಿಂದಿ ಚಿತ್ರ ‘ಜಾನೇ ಭಿ ದೋ ಯಾರೋ’ ಕೂಡ ಮೊದಲಿಗೆ ದೊಡ್ಡ ಸದ್ದು ಮಾಡಲಿಲ್ಲ. ಅದರ ಕೊನೆಯಲ್ಲಿ ರಂಗದ ಮೇಲೆ ದ್ರೌಪದಿಯ ವಸ್ತ್ರಾಪಹರಣ ನಡೆಯುತ್ತಿರುವಾಗ ಸೀರೆ ಉಡಿಸಿದ ಹೆಣವೊಂದು ದ್ರೌಪದಿಯಾಗಿ ಬಂದು ನಿಲ್ಲುತ್ತದೆ. ಯಕ್ಷಗಾನದ ಆಟ ನೋಡಿ ಬೆಳೆದ ನಮಗೆ ಆ ದೃಶ್ಯದ ಧೈರ್ಯ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮ್ಮ ‘ನಾಗರಹಾವಿಗೆ’ ಬರೋಣ. ನೀರ್ಚಾಲಿನ ಹತ್ತಿರದ ನಮ್ಮ ಮನೆಯಿಂದ ಕನ್ನಡ ಸಿನಿಮಾಕ್ಕೆಂದರೆ ಹೆಚ್ಚಾಗಿ ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕಿತ್ತು. ಹಾಗಾಗಿ ನನ್ನ ಪಾಲಿಗೆ ಆ ಚಿತ್ರ ಬಂದದ್ದು ಮಾವನ ಹೊಸ ಮನೆಯ ಒಕ್ಕಲಿನ ರಾತ್ರಿ, ಬಾಡಿಗೆಗೆ ತಂದ ವಿ.ಸಿ.ಪಿ.ಯಲ್ಲಿ (ವಿಡಿಯೊ ಕ್ಯಾಸೆಟ್ ಪ್ಲೇಯರ್). ಅಂಗಳದಲ್ಲಿ ಅಡಿಕೆ ಒಣಗಲು ಹಾಕಿತ್ತು. ಅದನ್ನು ಒಂದು ಬದಿಗೆ ಎಳೆದು ಚಾಪೆ ಹಾಸಿದ್ದರು. ಚಿತ್ರ ಚೆನ್ನಾಗಿಯೇ ಓಡುತ್ತಿತ್ತು. ಕೊನೆಗೆ ಬೆಟ್ಟದ ಮೇಲೆ ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಎದುರು ನಿಲ್ಲುವ ದೃಶ್ಯ ಬಂದಾಗ ಪರದೆ ನಡುಗತೊಡಗಿತು. ಬಿಳಿ ಗೆರೆಗಳು ಮೇಲಿನಿಂದ ಕೆಳಕ್ಕೆ ಹರಿದವು, ಧ್ವನಿ ನೀರಿನಡಿಯಿಂದ ಬಂದಂತಾಯಿತು. ಆ ಕ್ಯಾಸೆಟ್ ಕೊಂಡುಹೋದ ಮನೆಮನೆಯಲ್ಲಿಯೂ ಜನ ಆ ದೃಶ್ಯವನ್ನೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದ್ದರು. ಟೇಪು ಅಲ್ಲೇ ಸವೆದಿತ್ತು. ಯಾರ ಮುಖವನ್ನೂ ನೋಡದಿದ್ದರೂ, ನಮಗಿಂತ ಮೊದಲು ನೋಡಿದವರೆಲ್ಲ ಅಲ್ಲಿ ನಮ್ಮ ಜತೆ ಕುಳಿತಿದ್ದರು.

ಅಷ್ಟು ಸಲ ತಿರುಗಿಸಿ ನೋಡುವಂಥದ್ದು ಅಲ್ಲಿ ಏನಿದೆ? ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಕಟ್ಟಿದ ಈ ಕಥೆಯಲ್ಲಿ, ಊರಿಗೆಲ್ಲ ಒರಟನಾದ ರಾಮಾಚಾರಿ ಮೇಷ್ಟ್ರೊಬ್ಬರಿಗೆ ಮಾತ್ರ ಬಾಗುತ್ತಾನೆ. ಅವರ ಮಾತಿಗೆ ಕಟ್ಟುಬಿದ್ದು ಜಾತಿ ಬೇರೆಯೆಂಬ ಕಾರಣಕ್ಕೆ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳನ್ನು ಎಂಥ ಸ್ಥಿತಿಯಲ್ಲಿ ಕಾಣಬೇಕಾಯಿತೆಂಬುದು ನಿಮಗೆ ಗೊತ್ತಿದೆ. ಆಮೇಲೆ ಅವನು ಮೆಚ್ಚಿದ ಮಾರ್ಗರೆಟ್ ವಿಷಯದಲ್ಲಿ ಅದೇ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಪ್ರೀತಿಯಲ್ಲಿ ಅವರಷ್ಟು ದೊಡ್ಡವರಿಲ್ಲ. ಅವರ ಮಾತು ನಡೆಸಿದ್ದರಿಂದಲೇ ಹುಡುಗಿಯೊಬ್ಬಳ ಬಾಳು ಹಾಳಾಯಿತು. ಎರಡೂ ನಿಜ. ಮೇಷ್ಟ್ರ ಪಾತ್ರದ ಕೆ.ಎಸ್. ಅಶ್ವಥ್ ಅವರ ಮುಖ ಇದನ್ನು ಇನ್ನಷ್ಟು ಕಷ್ಟವಾಗಿಸುತ್ತದೆ: ಆ ಕಣ್ಣುಗಳಲ್ಲಿ ಕೇಡಿನ ಸುಳಿವೇ ಇಲ್ಲ, ಬೈಯಲು ಬಾಯಿ ಬರುವುದಿಲ್ಲ. ನಿರ್ದೇಶಕರು ತೀರ್ಪು ಕೊಡದೆ ಮೇಷ್ಟ್ರು, ರಾಮಾಚಾರಿ, ಮಾರ್ಗರೆಟ್ ಮೂವರನ್ನೂ ಬೆಟ್ಟದಿಂದ ಬೀಳಿಸಿ ನಮ್ಮನ್ನು ಅಲ್ಲೇ ಬಿಟ್ಟುಹೋಗುತ್ತಾರೆ.

ಹದಿನೈದರಲ್ಲಿ ನಾನು ರಾಮಾಚಾರಿಯ ಪಕ್ಷ. ಮಗಳು ಹುಟ್ಟಿದ ಮೇಲೆ ನೋಡಿದಾಗ ಮೇಷ್ಟ್ರ ಅಂಜಿಕೆ ಅರ್ಥವಾಯಿತು. ಇತ್ತೀಚೆಗೆ ನೋಡುವಾಗ ಅಲಮೇಲುವನ್ನು ಬಿಟ್ಟು ಬೇರಾರೂ ಕಾಣುವುದಿಲ್ಲ. ತನ್ನ ಬಾಳಿನ ವಿಚಾರ ನಡೆಯುವಾಗ ಅವಳ ಮಾತು ಕೇಳಿದವರೇ ಇಲ್ಲ. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಬದಲಾಗುತ್ತಾನೆ. ಸಿನಿಮಾದಲ್ಲಿ ಆ ಕೆಲಸ ನಮ್ಮದೇ ವಯಸ್ಸು ಮಾಡುತ್ತದೆ. 2018ರಲ್ಲಿ ಚಿತ್ರವನ್ನು ಹೊಸ ತಂತ್ರಜ್ಞಾನದಲ್ಲಿ ತಿದ್ದಿ ಮರುಬಿಡುಗಡೆ ಮಾಡಿದಾಗ ನೋಡಲು ಬಂದವರಲ್ಲಿ ಮೂರು ತಲೆಮಾರಿನವರಿದ್ದರೆ, ಮೂರು ಬೇರೆ ಬೇರೆ ಸಿನಿಮಾ ನೋಡಿ ಹೊರಬಂದಿರುತ್ತಾರೆ.

ಸುಲಭವಾಗಿ ಸಿಗದಿರುವುದೂ ಪ್ರೀತಿ ಬೆಳೆಸುತ್ತದೆ. ಉಪೇಂದ್ರ ನಿರ್ದೇಶನದ ‘ಓಂ’ 1995ರಲ್ಲಿ ಬಂತು. ಸುಮಾರು ಎರಡು ದಶಕ ಅದು ಟಿ.ವಿ.ಯಲ್ಲಿ ಬರಲಿಲ್ಲ, ನೋಡಬೇಕೆನಿಸಿದವರು ಚಿತ್ರಮಂದಿರಕ್ಕೇ ಹೋಗಬೇಕಿತ್ತು. 500ಕ್ಕೂ ಹೆಚ್ಚು ಸಲ ಮರುಬಿಡುಗಡೆಯಾದ ಚಿತ್ರವೆಂಬ ಹೆಸರು ಅದಕ್ಕೆ ಬಂದದ್ದರಲ್ಲಿ ಇದರ ಪಾಲೂ ಇದೆ.

ಇಷ್ಟೆಲ್ಲ ಇದ್ದರೂ ಚಿತ್ರದ ಸುರುಳಿಯೇ ಉಳಿಯದಿದ್ದರೆ ಏನೂ ಇಲ್ಲ. ನಮ್ಮದೇ ಜಿಲ್ಲೆಯ ಚೀಮೇನಿಯಲ್ಲಿ ಮಲಯಾಳ ನಿರ್ದೇಶಕ ಜಿ. ಅರವಿಂದನ್ ಚಿತ್ರೀಕರಿಸಿದ ‘ಕುಮ್ಮಾಟ್ಟಿ’ (1979) ನೋಡಿ. ಅಲೆದಾಡುವ ಮಾಯಗಾರನೊಬ್ಬ ಮಕ್ಕಳನ್ನು ಪ್ರಾಣಿಗಳನ್ನಾಗಿ ಮಾಡುತ್ತಾನೆ. ನಾಯಿಯಾದ ಹುಡುಗನೊಬ್ಬ ಹಾಗೆಯೇ ಉಳಿದು ಅವನು ಮರಳುವವರೆಗೆ ಕಾಯುತ್ತಾನೆ. ಮೂಲ ನೆಗೆಟಿವ್ ಸಿಗದೆ, ಉಳಿದಿದ್ದ ಹಳೆಯ ಪ್ರಿಂಟ್‌ಗಳಿಂದಲೇ ಅದನ್ನು 2021ರಲ್ಲಿ ಪುನರುಜ್ಜೀವನಗೊಳಿಸಿದರು. ನಾವು ದಿನವೂ ನೋಡುವಂಥ ಮುರಕಲ್ಲಿನ ಬಯಲು, ಹುಲ್ಲು, ಗಾಳಿ ಅದರಲ್ಲಿವೆ. ಆ ಪ್ರಿಂಟ್‌ಗಳನ್ನೂ ಗೆದ್ದಲು ತಿಂದಿದ್ದರೆ ಎಂದು ನೆನೆದರೆ ಎದೆ ಧಸಕ್ಕೆನ್ನುತ್ತದೆ. ದಯವಿಟ್ಟು ನೋಡಿ, ಮನೆಯ ಮಕ್ಕಳಿಗೂ ತೋರಿಸಿ.

ಕಳೆದ ಓಣಂ ರಜೆಯಲ್ಲಿ ಮಗಳು ‘ನಾಗರಹಾವು’ ಹಾಕಿ ಮೊಬೈಲನ್ನು ಜಗಲಿಯ ಕಂಬಕ್ಕೆ ಒರಗಿಸಿದಳು. ಬೆಟ್ಟದ ದೃಶ್ಯ ಬಂದಾಗ ನಾನು ನಡುಕಕ್ಕಾಗಿ ಕಾದೆ. ಚಿತ್ರ ನಡುಗಲಿಲ್ಲ, ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಅಪ್ಪ ನನ್ನತ್ತ ತಿರುಗಿ ನೋಡಿದರು. ಅವರೂ ಕಾಯುತ್ತಿದ್ದರೆಂದು ತೋರುತ್ತದೆ. ಚಿತ್ರ ಮುಗಿಯಿತು. “ಅಜ್ಜ, ಮೇಷ್ಟ್ರು ಮಾಡಿದ್ದು ದೊಡ್ಡ ತಪ್ಪು” ಎಂದಳು ಮಗಳು. ಅಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕಾಲು ಮಡಚಿ ಸರಿಯಾಗಿ ಕುಳಿತುಕೊಂಡರು. “ಎಲ್ಲಿ, ಮೊದಲಿನಿಂದ ಹೇಳು ನೋಡೋಣ” ಎಂದರು.